ಹೆಸರಿಲ್ಲದ ಅಂಗಡಿಗಳು: ಬೆಳಗಾವಿ, ಖಾನಾಪುರಗಳ ಸಾರಾಯಿ ಕಟ್ಟೆಗಳ ನೆನಪು



ಜೂನ್ 24 ಸ್ನಾನಿಕ ಯೊವಾನ್ನರ ಜನನದ ಹಬ್ಬ. ಹುಟ್ಟಲಿರುವ ಈ ಮಗು ದ್ರಾಕ್ಷಾರಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟುವುದಿಲ್ಲ ಎಂದು ದೇವದೂತನು ಜೆಕರೀಯನಿಗೆ ಮೊದಲೇ ತಿಳಿಸಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಆದರೆ ಖಾನಾಪುರದಿಂದ ಘಟ್ಟ ಇಳಿದು ಗೋವೆಗೆ ಹೋಗಿ ನೋಡಿರಿ. ಅದೇ ಸಂತರ ಹಬ್ಬದಂದು ಯುವಕರು ತಲೆಗೆ ಹೂಬಳ್ಳಿಯ ಕಿರೀಟ ಸುತ್ತಿಕೊಂಡು ತುಂಬಿದ ಬಾವಿಗೆ ಹಾರುತ್ತಾರೆ, ಮೇಲೆ ಬಂದವರಿಗೆ ಫೆನ್ನಿಯ ಉಪಚಾರವಾಗುತ್ತದೆ. ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟದ ಸಂತರಿಗೆ ಇಂಥ ಹಬ್ಬ! ಯೊವಾನ್ನರು ಮೇಲಿಂದ ನೋಡಿ ಏನೆಂದುಕೊಳ್ಳುತ್ತಾರೋ, ದೇವರೇ ಬಲ್ಲ.

ಹಬ್ಬ ಕಳೆದು ವಾರ ತುಂಬಿದರೆ ಜುಲೈ 1. 1969ರಲ್ಲಿ ಪೂಜಾ ಪಂಚಾಂಗ ಪರಿಷ್ಕರಣೆಯಾಗುವ ತನಕ ಆ ದಿನ ಪ್ರಭುವಿನ ಅಮೂಲ್ಯ ರಕ್ತದ ಹಬ್ಬವಿತ್ತು, ಹಿರಿಯರಿಗೆ ನೆನಪಿರಬಹುದು. ನಮ್ಮ ನಾಡಿನ ಮಟ್ಟಿಗೆ ಆ ತಾರೀಖಿಗೆ ಇನ್ನೊಂದು ಮಹತ್ವ ಸೇರಿಕೊಂಡದ್ದು 2007ರಲ್ಲಿ. ಆ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಬೆಳಗಾವಿಯ ಪೇಟೆಯಲ್ಲಿ, ಖಾನಾಪುರ ತಾಲೂಕಿನ ಊರೂರುಗಳಲ್ಲಿ ಇದ್ದ ಸರ್ಕಾರಿ ಪರವಾನಗಿಯ ಸಾರಾಯಿ ಅಂಗಡಿಗಳೆಲ್ಲ ಒಂದೇ ರಾತ್ರಿಗೆ ಬಾಗಿಲು ಹಾಕಿದವು. ಇಂದು ಇಪ್ಪತ್ತರ ಹರೆಯದವರಿಗೆ ಆ ಅಂಗಡಿ ಹೇಗಿತ್ತೆಂಬುದೇ ಗೊತ್ತಿಲ್ಲ. ಗೊತ್ತಿರುವ ನಾವು ಅದರ ಮಾತೆತ್ತುವುದಿಲ್ಲ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾಗಲ್ಲ. ಅಲ್ಲಿ ಮುಚ್ಚಿಹೋದ ಪಬ್ಬುಗಳ ಚರಿತ್ರೆಯನ್ನು ಊರವರೇ ಪ್ರೀತಿಯಿಂದ ಬರೆದಿಡುತ್ತಾರೆ. ಯಾವ ಮನೆ ಹಿಂದೆ ಪಬ್ಬಾಗಿತ್ತು, ಯಾರು ನಡೆಸುತ್ತಿದ್ದರು, ಯಾವ ವರ್ಷ ಮುಚ್ಚಿತು ಎಂದು ಫೋಟೋ ಸಮೇತ ದಾಖಲಿಸುತ್ತಾರೆ. ಅವಕ್ಕೆ ಹೆಸರುಗಳಿದ್ದವು, ಅದೂ ಎಂಥ ಹೆಸರುಗಳು! ‘ಕ್ರಾಸ್ ಕೀಸ್’ ಎಂದರೆ ಸಂತ ಪೇತ್ರರ ಅಡ್ಡವಾಗಿಟ್ಟ ಎರಡು ಬೀಗದಕೈಗಳು. ‘ಲ್ಯಾಂಬ್ ಅಂಡ್ ಫ್ಲ್ಯಾಗ್’ ಎಂದರೆ ಬಾವುಟ ಹಿಡಿದ ದೇವರ ಕುರಿಮರಿ. ಚರ್ಚಿನ ಗೋಡೆಗೆ ತಾಗಿಕೊಂಡೇ ಪಬ್ಬು ಇದ್ದ ಊರುಗಳೂ ಅಲ್ಲಿ ಬೇಕಾದಷ್ಟಿವೆ.

ನಮ್ಮ ಸಾರಾಯಿ ಅಂಗಡಿಗಳಿಗೆ ಹೆಸರಿರಲಿಲ್ಲ. ಗೋಡೆಯ ಮೇಲೆ ಪರವಾನಗಿಯ ನಂಬರು, ಗುತ್ತೇದಾರನ ಹೆಸರು, ಅಷ್ಟೆ. ಜನ ಅದನ್ನು ‘ಸೆರೆ ಅಂಗಡಿ’ ಎನ್ನುತ್ತಿದ್ದರು, ಮರಾಠಿ ಮನೆಗಳಲ್ಲಿ ‘ದಾರೂಚೆ ದುಕಾನ’. ನಾನು ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಒಂದಿತ್ತು. ತಗಡಿನ ಮಾಡು, ಮಣ್ಣಿನ ನೆಲ, ಕಬ್ಬಿಣದ ಸರಳು ಹಾಕಿದ ಕಿಂಡಿ. ಕಿಂಡಿಯೊಳಗೆ ಒಂದು ಕೈ ಮಾತ್ರ ಕಾಣುತ್ತಿತ್ತು. ಹೊರಗೆ ಗೋಡೆಗುಂಟ ಒಂದು ಉದ್ದನೆಯ ಹಲಗೆ. ಪಕ್ಕದಲ್ಲೇ ಒಬ್ಬ ಮುದುಕಿ ಬುಟ್ಟಿಯಲ್ಲಿ ಖಾರ ಹಚ್ಚಿದ ಶೇಂಗಾ, ಬೇಯಿಸಿದ ತತ್ತಿ, ಸಂಜೆಯಾದರೆ ಹುರಿದ ಒಣಮೀನು ಇಟ್ಟುಕೊಂಡು ಕೂತಿರುತ್ತಿದ್ದಳು. ಅಲ್ಲಿಗೆ ಬಂದಾಗ ಆ ಕಡೆ ನೋಡಬೇಡ ಎಂದು ನಮ್ಮ ಅವ್ವ ತಾಕೀತು ಮಾಡಿದ್ದಳು. ನೋಡಬೇಡ ಅಂದದ್ದರಿಂದಲೇ ಎಲ್ಲವೂ ಇಷ್ಟು ಚೆನ್ನಾಗಿ ನೆನಪಿದೆ.

ಈ ಅಂಗಡಿಗಳ ಮೂಲ ಹುಡುಕಿದರೆ ಬ್ರಿಟಿಷರ ಕಾಲಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಈ ಭಾಗದಲ್ಲಿ ಈಚಲ ಮರದ ಶಿಂದಿ, ಹೂವು–ಬೆಲ್ಲಗಳಿಂದ ಭಟ್ಟಿ ಇಳಿಸಿದ ಸೆರೆ ಇರಲಿಲ್ಲವೆಂದಲ್ಲ. 1818ರಲ್ಲಿ ಜನರಲ್ ಮನ್ರೋ ಬೆಳಗಾವಿ ಕೋಟೆಯನ್ನು ಗೆದ್ದ ಮೇಲೆ ಇಲ್ಲಿ ಸೇನೆಯ ಠಾಣ್ಯ ನೆಲೆಯೂರಿ ಕ್ಯಾಂಪ್ ಬೆಳೆಯಿತು. ಪಲಟಣಗಳ ಜೊತೆಗೆ ಕ್ಯಾಂಟೀನೂ ಬಂತು. 1830ರ ಸುಮಾರಿಗೆ ಬ್ರಿಟಿಷ್ ಸೇನೆಯ ಸಿಪಾಯಿಗಳಲ್ಲಿ ಹತ್ತಕ್ಕೆ ನಾಲ್ವರು ಐರ್ಲೆಂಡಿನವರು, ಅವರಲ್ಲಿ ಹೆಚ್ಚಿನವರು ಕಥೋಲಿಕರು. ಕುಡಿತ ಆ ಸೇನೆಯ ದೊಡ್ಡ ಪಿಡುಗಾಗಿತ್ತು. ಮುಂದೆ 1880ರ ದಶಕದ ಕೊನೆಯಲ್ಲಿ ಸೇನಾಪತಿ ರಾಬರ್ಟ್ಸ್ ಅವರು ಭಾರತದಲ್ಲಿದ್ದ ಗೋರಾ ಸಿಪಾಯಿಗಳಿಗಾಗಿ ಪಾನಸಂಯಮದ ಸಂಘವನ್ನೇ ಕಟ್ಟಬೇಕಾಯಿತು. ಇಂತಿಷ್ಟು ಕಾಲ ಕುಡಿಯದಿದ್ದರೆ ಎದೆಗೊಂದು ಪದಕ! ಐರ್ಲೆಂಡಿನಲ್ಲಂತೂ ಅದಕ್ಕಿಂತ ಮೊದಲೇ, 1838ರಲ್ಲಿ, ಕಪುಚಿನ್ ಸಭೆಯ ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಗುರುಗಳು ಲಕ್ಷಗಟ್ಟಲೆ ಜನರಿಂದ ಕುಡಿಯುವುದಿಲ್ಲವೆಂಬ ಪ್ರತಿಜ್ಞೆ ಮಾಡಿಸಿದ್ದರು.

ಗೋರಾ ಸಿಪಾಯಿಗೆ ಪದಕ ಕೊಟ್ಟ ಅದೇ ಸರ್ಕಾರ ಹಳ್ಳಿಯ ರೈತನ ಕುಡಿತದಿಂದ ಬೊಕ್ಕಸ ತುಂಬಿಕೊಳ್ಳಲು ಕಾಯಿದೆ ಮಾಡಿತು. 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಶಿಂದಿ ಇಳಿಸುವುದು, ಭಟ್ಟಿ ಹಾಕುವುದು, ಮಾರುವುದು ಎಲ್ಲವೂ ಸರ್ಕಾರದ ಹತೋಟಿಗೆ ಬಂದವು. ಮಾರಾಟದ ಹಕ್ಕು ಗುತ್ತೇದಾರರ ಪಾಲಾಯಿತು. ಹೆಚ್ಚು ಹಣ ಕೊಟ್ಟವನಿಗೆ ಗುತ್ತಿಗೆ, ಕೊಟ್ಟ ಹಣ ಹುಟ್ಟಬೇಕಾದರೆ ಹೆಚ್ಚು ಮಾರಬೇಕು. ಬಾವುಟ ಬದಲಾಯಿತು, ರಾಜ್ಯದ ಹೆಸರು ಬದಲಾಯಿತು, ಈ ಲೆಕ್ಕ ಮಾತ್ರ 2007ರ ತನಕ ಬದಲಾಗಲಿಲ್ಲ.

ಅಂಗಡಿಗಳು ಮೊದಲ ಸಲ ಮುಚ್ಚಿದ್ದು ಸ್ವಾತಂತ್ರ್ಯ ಚಳವಳಿಯ ಫಲವಾಗಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು ಎಂಬ ಹೆಮ್ಮೆ ನಮ್ಮೂರಿಗಿದೆ. 1930ರ ಸತ್ಯಾಗ್ರಹದಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು ಅವರು ವಿಶೇಷವಾಗಿ ಹೆಂಗಸರಿಗೆ ವಹಿಸಿದರು. ಅಂಗಡಿಯಿಂದ ನೋಯುವವರು ಯಾರೆಂಬುದು ಅವರಿಗೆ ಗೊತ್ತಿತ್ತು. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿಷೇಧ ಆರಂಭವಾಯಿತು. ಸ್ವಾತಂತ್ರ್ಯಾನಂತರ 1949ರ ಕಾಯಿದೆ ಬಂದು, 1950ರ ಏಪ್ರಿಲ್ 6ರ ಹೊತ್ತಿಗೆ ಇಡೀ ಮುಂಬಯಿ ರಾಜ್ಯ ಒಣ ರಾಜ್ಯವಾಯಿತು. ನಮ್ಮ ಹಿರಿಯರು ಅದನ್ನು ‘ದಾರೂಬಂದಿ’ ಎನ್ನುತ್ತಿದ್ದರು. ಅಂಗಡಿಯ ಹಲಗೆ, ಕಿಂಡಿ, ಫಲಕ ಎಲ್ಲ ಹೋದವು.

ಇಲ್ಲಿ ನಮ್ಮ ಧರ್ಮಕ್ಷೇತ್ರದ ಚರಿತ್ರೆಯೂ ಬಂದು ಕೂಡುತ್ತದೆ. ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ, ಅಂದರೆ ಇಂಥ ಒಣ ನಾಡಿನಲ್ಲಿ. ಮೊದಲ ಧರ್ಮಾಧ್ಯಕ್ಷರಾದ ಪೂಜ್ಯ ಮೈಕೆಲ್ ರೊಡ್ರಿಗಸ್ ಅವರ ಕಾಲದಲ್ಲಿ ಈ ಜಿಲ್ಲೆಯಲ್ಲಿ ಕಾಯಿದೆಬದ್ಧವಾದ ಒಂದೇ ಒಂದು ಹೆಂಡದಂಗಡಿಯೂ ಇರಲಿಲ್ಲ. ಆದರೆ ಬಲಿಪೂಜೆಗೆ ದ್ರಾಕ್ಷಾರಸ ಬೇಕಲ್ಲ? ಅದು ದ್ರಾಕ್ಷಿಯಿಂದಲೇ ಆದ, ಕೆಡದ, ನಿಜವಾದ ದ್ರಾಕ್ಷಾರಸವೇ ಆಗಿರಬೇಕೆಂಬುದು ಧರ್ಮಸಭೆಯ ನಿಯಮ. ಶರಬತ್ತಿನಿಂದ ಪೂಜೆಯಾಗುವುದಿಲ್ಲ. ಕಾಯಿದೆ ಬರೆದವರು ಇದನ್ನು ಮರೆತಿರಲಿಲ್ಲ. ಧಾರ್ಮಿಕ ಸಂಸ್ಕಾರಕ್ಕೆ ಬೇಕಾಗುವ ದ್ರಾಕ್ಷಾರಸಕ್ಕೆ ಅನುಮತಿ ಕೊಡುವ ಒಂದು ಕಲಮನ್ನು ಆ ಕಾಯಿದೆಯಲ್ಲೇ ಸೇರಿಸಿದ್ದರು. ಅಮೆರಿಕೆಯಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗಲೂ ಇಂಥದೇ ವಿನಾಯಿತಿ ಇತ್ತು. ಇನ್ನೊಂದು ವಿನಾಯಿತಿ ಸೈನ್ಯದ ಮೆಸ್ಸುಗಳಿಗೆ. ಬಾಲ್ಸಾರಾ ಎಂಬವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1951ರಲ್ಲಿ ಅದನ್ನು ಎತ್ತಿಹಿಡಿಯಿತು. ಹೀಗೆ ಕ್ಯಾಂಪಿನಲ್ಲಿ ಕಾಯಿದೆಯ ಕಣ್ಣೆದುರೇ ಬಾಟಲಿ ಇರಬಹುದಾದ ಜಾಗಗಳೆಂದರೆ ಸೈನ್ಯದ ಮೆಸ್ಸು, ಚರ್ಚಿನ ಸಕ್ರಿಸ್ತಿಯ ಕಪಾಟು. ಪೀಠಸೇವಕ ಹುಡುಗರು ಆ ಕಪಾಟಿನ ಕಡೆ ಎಷ್ಟು ಕುತೂಹಲದಿಂದ ನೋಡುತ್ತಿದ್ದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಂಗಡಿ ಮುಚ್ಚಿತು, ಹಾತಭಟ್ಟಿ ಶುರುವಾಯಿತು. ಹೊಳೆಯ ದಂಡೆಯಲ್ಲಿ, ಕಬ್ಬಿನ ಗದ್ದೆಯ ನಡುವೆ, ಕಾಡಿನಂಚಿನಲ್ಲಿ ಕದ್ದು ಕಾಯಿಸುವುದು ನಡೆಯಿತು. ಖಾನಾಪುರ ತಾಲೂಕಿಗಂತೂ ಗಡಿಯೇ ಒಂದು ಆಕರ್ಷಣೆ. ಆಚೆ 1961ರ ಡಿಸೆಂಬರ್ 19ರ ತನಕ ಪೋರ್ಚುಗೀಸರ ಗೋವೆ, ಅಲ್ಲಿ ನಿಷೇಧವಿಲ್ಲ. 1888ರಲ್ಲಿ ಆದ ರೈಲುದಾರಿ ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಮಾರ್ಮಗೋವೆಗೆ ಇಳಿಯುತ್ತಿತ್ತು. ಕ್ಯಾಸಲ್‌ರಾಕಿನಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದರು. 1955ರಲ್ಲಿ ಗಡಿ ಬಿಗಿಯಾಗಿ ರೈಲೇ ನಿಂತಿತು. ಕಾಡುದಾರಿ ನಿಲ್ಲುವುದುಂಟೆ?

ಮುಂಬಯಿಯ ಸಂಗತಿಯನ್ನೂ ಹೇಳಿಬಿಡಬೇಕು, ಅದು ನಮ್ಮವರದೇ ಸಂಗತಿ. ಪಾನನಿಷೇಧದ ಕಾಲದಲ್ಲಿ ಆ ನಗರದ ಓಣಿಗಳಲ್ಲಿ ಗುಟ್ಟಾಗಿ ಸೆರೆ ಮಾರುವ ಮನೆಗಳಿಗೆ ‘ಆಂಟಿಯ ಅಡ್ಡೆ’ ಎಂದೇ ಹೆಸರಾಗಿತ್ತು. ಆ ಆಂಟಿಯರಲ್ಲಿ ಬಹಳ ಮಂದಿ ಗೋವೆಯ ಕಥೋಲಿಕ ಹೆಂಗಸರು. ಗಂಡ ಸತ್ತವರು, ಹಡಗಿಗೆ ಹೋದ ಗಂಡ ತಿರುಗಿ ಬಾರದವರು, ಮಕ್ಕಳ ಶಾಲೆಯ ಫೀಸಿಗೆ ದಾರಿ ಕಾಣದವರು ಅವರಲ್ಲಿದ್ದರು. ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಅದರ ಮುಂದೆ ದೀಪ, ಮಂಚದ ಕೆಳಗೆ ಬಾಟಲಿಗಳು. ಇದನ್ನು ಓದಿ ಮುಖ ಸಿಂಡರಿಸುವವರು ಆಕೆ ಆ ಹಣದಿಂದ ಓದಿಸಿದ ಮಕ್ಕಳನ್ನೂ ನೆನೆಯಲಿ. ಆಕೆಯ ಮನೆಯಲ್ಲಿ ಕುಡಿದು ಹೋದವರ ಮಕ್ಕಳನ್ನೂ ನೆನೆಯಲಿ. ಆ ಕಾಲದ ಪರ್ಮಿಟ್ಟಿನ ನೆನಪು ಚಂದಗಡದ ಕಡೆ ಹೋದರೆ ಇಂದಿಗೂ ಸಿಗುತ್ತದೆ. ಮಹಾರಾಷ್ಟ್ರದ ಬಾರುಗಳ ಫಲಕದ ಮೇಲೆ ‘ಪರ್ಮಿಟ್ ರೂಮ್’ ಎಂದೇ ಬರೆದಿರುತ್ತದೆ.

1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ದಾರೂಬಂದಿ ಇನ್ನೂ ಹತ್ತು ವರ್ಷದಷ್ಟು ಕಾಲ ಮುಂದುವರಿದು, 1967ರ ಸುಮಾರಿಗೆ ತೆರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಜೈಲಿಗೆ ಹೋದವರು ಅವರೇ. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ. ಬೊಕ್ಕಸದ ಮುಂದೆ ಅಂಥವರಿಗೂ ಹೀಗಾಯಿತು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದದ್ದು.

ಅಂಗಡಿಗಳು ಮತ್ತೆ ಬಂದವು. ನಾನು ಕಂಡ ತಗಡಿನ ಮಾಡಿನ ಅಂಗಡಿ ಈ ಎರಡನೆಯ ಅವತಾರದ್ದು. ವರ್ಷ ವರ್ಷ ಲಿಲಾವು. ಮೊದಮೊದಲು ಗ್ಲಾಸಿನಲ್ಲಿ ಅಳೆದು ಕೊಡುತ್ತಿದ್ದ ಸಾರಾಯಿ ಆಮೇಲೆ 100 ಮಿಲಿಯ ಪ್ಲಾಸ್ಟಿಕ್ ಪ್ಯಾಕೆಟ್ಟಾಯಿತು. ಹಲ್ಲಿನಿಂದ ಮೂಲೆ ಹರಿದು, ನಿಂತಲ್ಲೇ ಬಾಯಿಗೆ ಸುರಿದುಕೊಂಡು ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಅಂಗಡಿಯಲ್ಲಿ ಏನಾದರೂ ಒಳ್ಳೆಯದಿತ್ತೆಂದಿದ್ದರೆ ಅದು ಈ ಪ್ಯಾಕೆಟ್ಟಿನಿಂದ ಹಾಳಾಯಿತು. ಯಾಕೆಂದರೆ ಆ ಹಲಗೆಯ ಮೇಲೆ ಕೂತವರು ಬರೀ ಕುಡಿಯುತ್ತಿರಲಿಲ್ಲ. ಖಾನಾಪುರದ ಹೆಂಚಿನ ಕಾರ್ಖಾನೆಯ ಕೂಲಿ, ಇಟ್ಟಿಗೆ ಭಟ್ಟಿಯವನು, ನಾಟಾ ಹೊರುವ ಹಮಾಲ, ಲೋಂಡಾದ ರೈಲ್ವೆ ಗ್ಯಾಂಗಿನವನು ಅಲ್ಲಿ ಒಂದು ತಾಸು ಕೂತು ಮಾತಾಡುತ್ತಿದ್ದರು. ಎಲ್ಲಿ ಕೆಲಸವಿದೆ, ಯಾವ ಮುಕಾದಮ ಹಣ ತಿನ್ನುತ್ತಾನೆ, ಯಾರ ಎಮ್ಮೆ ಮಾರಾಟಕ್ಕಿದೆ ಎಂಬ ವರ್ತಮಾನ ಅಲ್ಲೇ ಸಿಗುತ್ತಿತ್ತು. ಕನ್ನಡ, ಮರಾಠಿ, ಕೊಂಕಣಿ ಮೂರೂ ಆ ಹಲಗೆಯ ಮೇಲೆ ಜಗಳವಿಲ್ಲದೆ ಕೂಡುತ್ತಿದ್ದವು, ಹೊರಗೆ ಎಷ್ಟೇ ಗಡಿ ಗಲಾಟೆಯಿದ್ದರೂ. ಮಣ್ಣು ಕೊಡುವ ದಿನ ಸ್ಮಶಾನಕ್ಕೆ ಹೆಗಲು ಕೊಡಲು ಮೊದಲು ಓಡಿಬರುತ್ತಿದ್ದವರೂ ಅವರೇ.

ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತು? ಶನಿವಾರ ಬಟವಡೆ. ಕಾರ್ಖಾನೆಯಿಂದ ಮನೆಗೆ ಬರುವ ದಾರಿಯಲ್ಲೇ ಅಂಗಡಿ. ಅಷ್ಟು ಹಣ ಉದ್ರಿಗೆ ಜಮಾ, ಇಷ್ಟು ಹಣ ಇವತ್ತಿಗೆ. ಉಳಿದದ್ದು ಹೆಂಡತಿಯ ಕೈಗೆ, ಉಳಿದರೆ. ಕೆಲವು ಹೆಂಗಸರು ಶನಿವಾರ ಸಂಜೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಕಾರ್ಖಾನೆಯ ಗೇಟಿಗೇ ಹೋಗಿ ನಿಲ್ಲುತ್ತಿದ್ದರು, ಗಂಡನಿಗಿಂತ ಮೊದಲು ಅಂಗಡಿ ಸಿಗದಿರಲಿ ಎಂದು. ಹಿತ್ತಾಳೆ ಕೊಡ ಒತ್ತೆ ಬೀಳುತ್ತಿತ್ತು, ಅದಾದ ಮೇಲೆ ಕಿವಿಯ ಬುಗುಡಿ. ರವಿವಾರದ ಪೂಜೆಗೆ ಮೂಗಿನ ಮೇಲೆ ಸೆರಗೆಳೆದುಕೊಂಡು ಬಂದವಳ ಮುಖ ಯಾಕೆ ಊದಿದೆ ಎಂದು ಕೇಳಬಾರದೆಂಬುದು ಓಣಿಯಲ್ಲಿ ಎಲ್ಲರಿಗೂ ತಿಳಿದ ನಡತೆಯಾಗಿತ್ತು. ನಾವೂ ಕೇಳಲಿಲ್ಲ. ತಪಸ್ಸುಕಾಲ ಬಂತೆಂದರೆ ಮಾತ್ರ ಕೆಲವರು ನಲವತ್ತು ದಿನ ಮುಟ್ಟುವುದಿಲ್ಲವೆಂದು ಹರಕೆ ಹೊರುತ್ತಿದ್ದರು, ಹೆಚ್ಚಿನವರು ಅದನ್ನು ಪಾಲಿಸುತ್ತಲೂ ಇದ್ದರು. ಆ ನಲವತ್ತು ದಿನಗಳ ಮನೆಯ ಸದ್ದೇ ಬೇರೆ. ಪಾಸ್ಖದ ರವಿವಾರ ಹತ್ತಿರ ಬಂದಂತೆ ಮಕ್ಕಳು ಹಬ್ಬಕ್ಕೆ ಹೆದರುವಂತಾಗಿತ್ತೆಂದು ಒಬ್ಬರು ನನಗೆ ಹೇಳಿದ್ದಾರೆ. ಪುನರುತ್ಥಾನದ ಹಬ್ಬಕ್ಕೆ ಮಗುವೊಂದು ಹೆದರುವುದೆಂದರೇನು!

ಆದ್ದರಿಂದ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಬಜೆಟ್ಟಿನಲ್ಲಿ ಸಾರಾಯಿ ನಿಷೇಧ ಘೋಷಿಸಿದಾಗ ಸಂಭ್ರಮಪಟ್ಟವರು ಈ ಹೆಂಗಸರು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದುನಿಂತು, ಮರುವರ್ಷವೇ ಆ ರಾಜ್ಯ ಸಾರಾಯಿ ನಿಷೇಧಿಸಿದ ಸುದ್ದಿ ಇಲ್ಲಿಗೂ ತಲುಪಿತ್ತು. ಜುಲೈ 1ರ ಸಂಜೆ ಅಂಗಡಿಯ ಮುಂದೆ ಹಲಗೆ ಖಾಲಿ. ಶೇಂಗಾ ಮಾರುವ ಮುದುಕಿಯ ಗತಿ ಏನಾಯಿತೋ, ಯಾರೂ ವಿಚಾರಿಸಲಿಲ್ಲ.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ವರ್ಷ ತುಂಬುವ ಮುನ್ನ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಅಂಥ ದುರಂತ ಆಗಲಿಲ್ಲ, ಆದದ್ದು ಬೇರೆ. ಸಾರಾಯಿ ನಿಷೇಧವಾಗಿತ್ತು, ವ್ಹಿಸ್ಕಿ ನಿಷೇಧವಾಗಿರಲಿಲ್ಲ. ಹಣ್ಣಿನ ರಸದ ಡಬ್ಬಿಯಂಥ 90 ಮಿಲಿಯ ಟೆಟ್ರಾ ಪ್ಯಾಕಿನಲ್ಲಿ ಅಗ್ಗದ ವ್ಹಿಸ್ಕಿ ಬಂತು. ಸಾರಾಯಿಗಿಂತ ಅದಕ್ಕೆ ಬೆಲೆ ಹೆಚ್ಚು, ಎಂದರೆ ಮನೆಗೆ ಬರುವ ಹಣ ಇನ್ನೂ ಕಡಿಮೆ. ಪರವಾನಗಿಯ ಅಂಗಡಿ ಇಲ್ಲದ ಹಳ್ಳಿಯಲ್ಲಿ ಅದು ಕಿರಾಣಿ ಅಂಗಡಿಯ ಹಿಂಬಾಗಿಲಿಗೆ, ಪಾನಪಟ್ಟಿಯ ಡಬ್ಬಿಗೆ ತಲುಪಿತು. ಮೊದಲು ಊರಿಗೊಂದಿದ್ದ ಅಂಗಡಿ ಈಗ ಓಣಿಗೊಂದಾಯಿತು ಎಂದು ಖಾನಾಪುರ ಕಡೆಯ ತಾಯಂದಿರು ಹೇಳುವುದನ್ನು ಕೇಳಿದ್ದೇನೆ. ಗೋವೆಯ ಅಗ್ಗದ ಮಾಲು ಅನಮೋಡ, ಚೋರ್ಲಾ ಘಟ್ಟಗಳ ಮೂಲಕ ಹತ್ತಿ ಬರುತ್ತದೆ. ಕಣಕುಂಬಿಯ ತಪಾಸಣಾ ನಾಕೆಯಲ್ಲಿ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹೆದ್ದಾರಿಯ ಬದಿಯ ಬಾರುಗಳು ಮುಚ್ಚಿದವು. ನಗರದೊಳಗಿನ ರಸ್ತೆಗಳಿಗೆ ಅದು ಅನ್ವಯಿಸುವುದಿಲ್ಲವೆಂದು ಅದೇ ತಿಂಗಳು ಸ್ಪಷ್ಟನೆಯೂ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಪೂರ್ಣ ಪಾನನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದುಹೋದರು. ಉತ್ತರ ಕರ್ನಾಟಕದವರೇ ಅವರಲ್ಲಿ ಬಹುಮಂದಿ.

ನಮ್ಮ ಮನೆಗಳ ಮಾತಿಗೆ ಬರೋಣ. ಸೆರೆ ಅಂಗಡಿಗೆ ಹೋಗುವವನನ್ನು ಕುಡುಕನೆಂದೆವು. ಮದುವೆಯ ಟೋಸ್ಟಿಗೆ, ದೀಕ್ಷಾಸ್ನಾನದ ಊಟಕ್ಕೆ ಬಾಟಲಿ ಇಡದಿದ್ದರೆ ಮರ್ಯಾದೆ ಹೋಯಿತೆಂದೆವು. ಕಾನಾ ಊರಿನ ಮದುವೆಯ ಉದಾಹರಣೆ ಇದಕ್ಕೆ ಯಾವಾಗಲೂ ಸಿದ್ಧವಾಗಿರುತ್ತದೆ. ಆರು ಕಲ್ಲಿನ ಬಾನೆಗಳೆಂದರೆ ಲೆಕ್ಕಕ್ಕೆ ಐದಾರು ನೂರು ಲೀಟರು, ಪ್ರಭು ಜಿಪುಣತನ ಮಾಡಲಿಲ್ಲ ನಿಜ. ಆದರೆ ಆ ಮದುವೆಮನೆಯಲ್ಲಿ ಕೊರತೆಯನ್ನು ಮೊದಲು ಕಂಡವರು ಊಟಕ್ಕೆ ಕೂತ ಗಂಡಸರಲ್ಲ, ಮಾತೆ ಮರಿಯಮ್ಮನವರು. ಮನೆಯಲ್ಲಿ ಏನು ಮುಗಿದುಹೋಗಿದೆ ಎಂಬುದು ಹೆಂಗಸಿನ ಕಣ್ಣಿಗೆ ಮೊದಲು ಬೀಳುತ್ತದೆ. ಈ ಪ್ರಸಂಗದ ಮೇಲೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇನೆ, ಇದನ್ನು ಹೇಳಿದವರು ಕಡಿಮೆ.

ಕಳೆದ ವರ್ಷ ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ ನಡೆದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗುವ ಅವಕಾಶ ಸಿಕ್ಕಿತು. 1935ರಲ್ಲಿ ಅಮೆರಿಕೆಯಲ್ಲಿ ಇಬ್ಬರು ಕುಡುಕರು ಸೇರಿ ಆರಂಭಿಸಿದ ಈ ಬಳಗ ಜಗತ್ತಿನಾದ್ಯಂತ ಚರ್ಚಿನ ಸಭಾಂಗಣಗಳಲ್ಲೇ ಹೆಚ್ಚಾಗಿ ಸೇರುತ್ತದೆ. ಹೊರಗಿನವರನ್ನೂ ಬಿಡುವ ಕೂಟ ಅದಾಗಿತ್ತು. ಗೋಡೆಗುಂಟ ಹಲಗೆಯ ಬೆಂಚು, ಮಧ್ಯದಲ್ಲಿ ಚಹಾದ ಕೆಟಲಿ, ತಟ್ಟೆಯಲ್ಲಿ ಬಿಸ್ಕೀಟು. ಎದ್ದುನಿಂತು ಮಾತಾಡಿದವರೆಲ್ಲ ತಮ್ಮ ಕಥೆಯನ್ನು ಒಂದು ಅಂಗಡಿಯಿಂದಲೇ ಶುರುಮಾಡಿದರು. ಇಂಥ ಊರಿನ ಬಸ್ ಸ್ಟ್ಯಾಂಡಿನ ಹಿಂದಿನದು, ಹೊಳೆಯ ಸೇತುವೆಯ ಕೆಳಗಿನದು, ಕಾರ್ಖಾನೆಯ ಎದುರಿನದು, ಅಪ್ಪ ಮೊದಲ ಸಲ ಕೈಹಿಡಿದು ಕರೆದುಕೊಂಡು ಹೋದದ್ದು. ಯಾವ ದಾಖಲೆಯಲ್ಲೂ ಇಲ್ಲದ ಅಂಗಡಿಗಳು ಒಂದೊಂದಾಗಿ ಆ ಸಭಾಂಗಣದೊಳಗೆ ಎದ್ದು ನಿಂತವು. ನಾನು ಹುಡುಗನಾಗಿ ನೋಡಿದ ಆ ತಗಡಿನ ಮಾಡಿನದೂ ಅವುಗಳಲ್ಲಿತ್ತು. ಬರೆದುಕೊಳ್ಳಲೆಂದು ನಾನು ಜೇಬಿನಿಂದ ಪೆನ್ನು ತೆಗೆದೆ. ಪಕ್ಕದಲ್ಲಿ ಕೂತಿದ್ದವರು ಮೆಲ್ಲನೆ ನನ್ನ ಕೈ ಹಿಡಿದರು. ‘ಇಲ್ಲಿ ಹೇಳಿದ್ದು ಇಲ್ಲೇ ಇರಬೇಕ್ರಿ ಸರ’ ಎಂದರು. ಪೆನ್ನನ್ನು ಮತ್ತೆ ಜೇಬಿಗಿಟ್ಟು, ಅವರು ಕೊಟ್ಟ ಚಹಾ ಕುಡಿದೆ.